ಘೋಡ್‌ಕುಂಡದ ಬಿಸಿನೀರು

ಕಾಪು
3 ಆಗಸ್ಟ್ 1978

ಕೂಸಪ್ಪ,

ಈ ಕಾಗದ ನಿನ್ನ ಕೈಗೆ ಸಿಗುವಾಗ ನಾನು ಮಣ್ಣಿನ ಒಳಗೆ ಇರುತ್ತೇನೆ. ಮೊನ್ನೆ ಬೆಳಿಗ್ಗೆ ಎದೆ ಹಿಡಿದುಕೊಂಡಿತು. ಪಾದ್ರಿಯವರು ಬಂದು ಎಣ್ಣೆ ಹಚ್ಚಿ ಹೋದರು. ಆಚಾರಿ ಪೆಟ್ಟಿಗೆಗೆ ಅಳತೆ ತೆಗೆಯಲು ಬಂದವನು ನನ್ನ ಹೊಟ್ಟೆ ನೋಡಿ ಹಲಗೆ ಸಾಲದು ಎಂದನಂತೆ. ನೀನು ಒಮ್ಮೆ ಬಂದು ನಾಲ್ಕು ಹನಿ ಕಣ್ಣೀರು ಹಾಕಿ ಹೋಗು.

ಇಷ್ಟು ಓದಿ ಎದ್ದು ಅಂಗಿ ಹಾಕಿಕೊಂಡೆಯಾ? ಕೂತುಕೋ. ಸತ್ತಿಲ್ಲ. ಈಗಷ್ಟೇ ಬಂಗುಡೆ ಸಾರಲ್ಲಿ ಗಂಜಿ ಉಂಡು ಎದ್ದಿದ್ದೇನೆ. ನನ್ನನ್ನು ಸಾಕುತ್ತಿರುವ ತಂಗಿಯ ಮಗಳು, ನಮ್ಮ ಬರ್ತಾ, ಮೇಲಿನ ನಾಲ್ಕು ಸಾಲು ಓದಿ ಪೆನ್ನು ಕಿತ್ತುಕೊಂಡು ಹೋದಳು. ಇದು ಬೇರೆ ಪೆನ್ನು.

ತಪ್ಪು ನಿನ್ನದು. ಕಂಬಳ ಮುಗಿಯಿತು, ಮಳೆ ಬಂತು, ನೇಜಿ ನೆಟ್ಟು ಆಯಿತು, ನಿನ್ನ ಮುಖ ಇಲ್ಲ. ಪ್ರತಿ ಆಟಿ ತಿಂಗಳಲ್ಲಿ ಕಾರ್ಕಳದ ಬಸ್ಸು ಹತ್ತಿ ಬಂದು, ಲೈಟ್‌ಹೌಸಿನ ಬುಡದಲ್ಲಿ ನಿಂತು, ಇಷ್ಟು ದೊಡ್ಡ ಗದ್ದೆಗೆ ಒಂದು ಜೊತೆ ಕೋಣ ಇಲ್ಲವಲ್ಲ ಎಂದು ಸಮುದ್ರಕ್ಕೆ ಬೈದು ಹೋಗುವವನು ನೀನು. ಈ ಸಲ ಸಮುದ್ರವೂ ನೀನೆಲ್ಲಿ ಎಂದು ಕೇಳಿತು. ಊರಿನ ಹೆಸರು ಕಾಪು ಅಲ್ವಾ, ಕಾಯುವುದೇ ಕೆಲಸ.

ಬಾ ಮಾರಾಯ. ಘೋಡ್‌ಕುಂಡದ ಹೊಸ ಕಥೆ ಉಂಟು. ಪುಣೆಯ ಆಚೆಯ ಬೆಟ್ಟದಲ್ಲಿ, ಬೆಳಿಗ್ಗೆ ಬಿಸಿನೀರಿನ ಕುಂಡ, ಮಧ್ಯಾಹ್ನ ಕುದುರೆ ಓಟ, ಸಂಜೆ ಬ್ಯಾಂಡು ಎಂದು ಇರುವ ಊರಲ್ಲಿ ಮೂವತ್ತು ವರ್ಷ ರಾಜರ ಬೆನ್ನು ಉಜ್ಜಿದವನಿಗೆ ಕಥೆಗೆ ಬರ ಬರುತ್ತದಾ? ಒಬ್ಬ ನವಾಬ ಗೆದ್ದ ಕುದುರೆಯನ್ನು ತನ್ನ ಜೊತೆ ಕುಂಡಕ್ಕೆ ಇಳಿಸಿದ ಮೇಲೆ ಎಂತ ಆಯಿತು ಎಂದು ಬಂದರೆ ಮಾತ್ರ ಹೇಳುತ್ತೇನೆ.

ಸಾಯಲು ಮರೆತ,
ಸ್ಟ್ಯಾನಿಸ್ಲಾಸ್


ಕುಕ್ಕುಂದೂರು
19 ಆಗಸ್ಟ್ 1978

ಪೊರ್ಬು,

ನಿನ್ನ ಸಾವಿನ ಸುದ್ದಿ ಓದಿ ಎದ್ದೆ. ಎದ್ದವನು ಅಲ್ಲೇ ಬಿದ್ದೆ. ಮಗಳು ವಾರಿಜಾ ಓಡಿ ಬಂದು ಎತ್ತಿ ಕೂರಿಸಿ, ಕಾಗದದ ಉಳಿದ ಭಾಗ ಅವಳೇ ಓದಿ ಹೇಳಿದಳು. ನೀನು ನಿಜವಾಗಿ ಸತ್ತಿದ್ದರೂ ನನಗೆ ಬರಲು ಆಗುತ್ತಿರಲಿಲ್ಲ.

ಬಲಗಾಲು ಕೆಟ್ಟಿದೆ. ಕಳೆದ ಕಂಬಳದಲ್ಲಿ ಕೋಣದ ಹಿಂದೆ ಓಡುವಾಗ ಕೆಸರಲ್ಲಿ ಎಂತದೋ ಚುಚ್ಚಿತು. ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನೇಜಿಯ ಸಮಯದಲ್ಲಿ ಮತ್ತೆ ಗದ್ದೆಗೆ ಇಳಿದೆ. ಈಗ ಎರಡು ಬೆರಳು ಕಪ್ಪಾಗಿ ಉಂಟು. ಆಶ್ಚರ್ಯ ಎಂತ ಅಂದರೆ ನೋವೇ ಇಲ್ಲ. ಬೆಂಕಿಕಡ್ಡಿ ತಾಗಿದರೂ ಗೊತ್ತಾಗುವುದಿಲ್ಲ. ವಾರಿಜಾ ಮಣಿಪಾಲಕ್ಕೆ ಕರೆದುಕೊಂಡು ಹೋದಳು. ಸಕ್ಕರೆ ಕಾಯಿಲೆಯಂತೆ. ಎರಡು ಬೆರಳು ಈಗಲೇ ತೆಗೆಯಬೇಕು, ಬಿಟ್ಟರೆ ಕಾಲೇ ಹೋಗುತ್ತದೆ ಎಂದರು. ನಾನು ಎದ್ದು ಬಂದೆ.

ಕೋಣದ ಕಾಲು ಕೆಟ್ಟರೆ ನಾವು ಕತ್ತಿ ಹಿಡಿದುಕೊಂಡು ಹೋಗುತ್ತೇವಾ? ಕಾಟಿಯ ನೆನಪು ಉಂಟಲ್ಲ ನಿನಗೆ. ಗುತ್ತಿನ ಮನೆಯ ಧಣಿಗಳ ಕೋಣ, ಗೊರಸು ಬಾತು ಮಲಗಿಯೇ ಬಿಟ್ಟಿತ್ತು. ಇನ್ನು ಇದನ್ನು ಬಿಟ್ಟುಬಿಡಿ ಎಂದು ದನದ ಡಾಕ್ಟರು ಹೇಳಿ ಹೋದ ದಿನ ನೀನು ರಜೆಯಲ್ಲಿ ಬಂದಿದ್ದೆ. ಘೋಡ್‌ಕುಂಡದ ಸರದಾರನ ಕುಂಟು ಕುದುರೆ ಬಿಸಿ ಕೆಸರಲ್ಲಿ ನಿಂತು ಎದ್ದು ಓಡಿದ ಕಥೆ ಹೇಳಿದೆ. ನಾವು ಕೋಣದ ಹಟ್ಟಿಯ ಹಿಂದೆ ಹೊಂಡ ತೋಡಿ, ನೀರು ಬಿಸಿ ಮಾಡಿ ಹೊಯ್ದು, ಕಾಟಿಯನ್ನು ನಿಲ್ಲಿಸಿದೆವು. ಆ ವರ್ಷ ಕಾಟಿ ಎಲ್ಲರಿಗಿಂತ ಮುಂದೆ ಬಂತು. ಅದರ ಹಿಂದೆ ಹಗ್ಗ ಹಿಡಿದು ಓಡಿದವನು ನಾನು.

ನಿನ್ನ ಬಾಯಿಂದ ಬಂದ ಮಾತುಗಳಲ್ಲಿ ನಾನು ಕಣ್ಣಾರೆ ನೋಡಿದ್ದು ಅದೊಂದೇ. ಹಾಗಾಗಿ ನಾನು ಘೋಡ್‌ಕುಂಡಕ್ಕೆ ಹೋಗುವುದು. ಪುಣೆಯಲ್ಲಿ ಇಳಿದು ಯಾವ ಬಸ್ಸು, ಅಲ್ಲಿ ಯಾರನ್ನು ಕೇಳಬೇಕು, ಎಲ್ಲ ಬರೆದು ಕಳಿಸು.

ಕೂಸಪ್ಪ


ಕಾಪು
23 ಆಗಸ್ಟ್ 1978

ಕೂಸಪ್ಪ,

ಬೆರಳು ಕೊಟ್ಟುಬಿಡು. ಎರಡು ಬೆರಳು ಹೋದರೆ ಉಳಿದದ್ದರಲ್ಲಿ ನಡೆಯಬಹುದು, ಕೋಣ ಸಾಕಬಹುದು, ನನಗೆ ಒದೆಯಬಹುದು. ನಾಳೆಯೇ ಮಣಿಪಾಲಕ್ಕೆ ಹೋಗು. ಕಾಲ ನಿಂತರೂ ಕಾಲು ನಿಲ್ಲುವುದಿಲ್ಲ.

ನಾನು ನಿನಗೆ ಹೇಳಿದ್ದು ಘೋಡ್‌ಕುಂಡದ ಅರ್ಧ. ಇನ್ನರ್ಧ ಯಾರಿಗೂ ಹೇಳಿಲ್ಲ.

ಸರದಾರನ ಕುದುರೆಯ ಕಥೆ ಹೋಟೆಲಿನವರು ಗೋಡೆಗೆ ಬರೆಸಿದ್ದು. ಮೊದಲು ಅಲ್ಲಿ ಇದ್ದದ್ದು ದನವೂ ಮೂಸದ ಒಂದು ಬಿಸಿ ಹೊಂಡ. ಕೊಳೆತ ಮೊಟ್ಟೆಯ ವಾಸನೆ. ಸೊಂಟ ಹಿಡಿದುಕೊಂಡಿದ್ದ ಒಬ್ಬ ಬಿಳಿ ಕಲೆಕ್ಟರ್ ಅದರಲ್ಲಿ ಕೂತ, ಹಿತವಾಯಿತು. ಸೊಂಟ ಸರಿಯಾದವನಿಗೆ ಸಂಜೆ ಹೊತ್ತು ಹೋಗಲಿಲ್ಲ, ಕುದುರೆ ತರಿಸಿದ. ಕುದುರೆ ಬಂದ ಮೇಲೆ ಊರು ಕುದುರಿತು. ರೈಲು ಬಂತು, ಹೋಟೆಲು ಬಂತು, ರಾಜರು ಬಂದರು. ಬೆಳಿಗ್ಗೆ ಕುಂಡದಲ್ಲಿ ಮಂಡಿನೋವು ಬಿಡುವುದು, ಮಧ್ಯಾಹ್ನ ಓಟದಲ್ಲಿ ಮನೆಮಠ ಬಿಡುವುದು. ನಾನು ಸೇರಿದ್ದು ಅಂಥ ವೈಭವದಲ್ಲಿ.

ಆಮೇಲೆ ಪ್ರತಿ ಹೋಟೆಲಿನವನಿಗೂ ತನ್ನದೇ ಬಿಸಿನೀರು ಬೇಕಾಯಿತು. ಒಬ್ಬ ಬಾವಿ ತೋಡಿದ. ಪಕ್ಕದವನು ಅದಕ್ಕಿಂತ ಆಳ ತೋಡಿದ. ಕುಂಡದ ನೀರು ಎದೆಯಿಂದ ಸೊಂಟಕ್ಕೆ, ಸೊಂಟದಿಂದ ಮೊಣಕಾಲಿಗೆ ಇಳಿಯಿತು. ಮಹಾಯುದ್ಧ ಮುಗಿದ ವರ್ಷ ಒಂದು ಬೆಳಿಗ್ಗೆ ನಾನು ಕೈ ಹಾಕಿ ನೋಡುತ್ತೇನೆ, ನಮ್ಮ ಊರಿನ ಕೆರೆ ನೀರಿನ ಹಾಗೆ ತಣ್ಣಗೆ ಉಂಟು. ಸೀಸನ್ ಇನ್ನೇನು ಶುರುವಾಗುವುದರಲ್ಲಿತ್ತು. ಕಮಿಟಿಯವರು ಬಾಗಿಲು ಹಾಕಿ ಕೂತು, ಹೊರಗೆ ಬಂದು, ಹಿಂದಿನ ಕೋಣೆಗೆ ಒಂದು ಬಾಯ್ಲರ್ ಬರುತ್ತದೆ, ಯಾರಲ್ಲೂ ಹೇಳಕೂಡದು ಎಂದರು. ಬಾಯ್ಲರಿಗೂ ಒಂದು ಬಾಯಿ, ನನಗೂ ಒಂದು ಬಾಯಿ. ಎರಡನ್ನೂ ಮುಚ್ಚಿ ಇಡುವ ಕೆಲಸ ನನ್ನದಾಯಿತು.

ಬಾವಿಯ ನೀರು, ಕಲ್ಲಿದ್ದಲಿನ ಬೆಂಕಿ, ಮೇಲಿಂದ ಎರಡು ಬೊಗಸೆ ಗಂಧಕದ ಪುಡಿ. ಹೆಸರಿನಲ್ಲಿ ಮಾತ್ರ ಗಂಧ. ನೀನು ಹೋಗಿ ಕಾಲು ಇಡಬೇಕು ಎಂದು ಇರುವುದು ಆ ನೀರಲ್ಲಿ. ಓಟವೂ ದೊಡ್ಡ ಪಟ್ಟಣಕ್ಕೆ ಹೋಯಿತು. ಕುದುರೆ ಓಡಿದ ಜಾಗದಲ್ಲಿ ಈಗ ಈರುಳ್ಳಿ ಬೆಳೆಯುತ್ತಾರೆ. ಕುಂಡ ಮಾತ್ರ ನಿಂತಿಲ್ಲ, ಯಾಕೆಂದರೆ ಬೇರೆ ದಾರಿ ಕಾಣದ ಜನ ಬರುವುದು ನಿಂತಿಲ್ಲ. ಅವರು ಮನೆಗೆ ಹೋದ ಮೇಲೆ ಎಂತ ಆದರು ಎಂದು ನಾವು ಕೇಳಿದವರಲ್ಲ.

ಕಾಟಿ ಎದ್ದದ್ದು ನೀರಿನಿಂದ ಅಲ್ಲ. ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸಿದಿರಿ, ಅದಕ್ಕೆ ಎದ್ದಿತು. ಕಾಟಿಗೆ ಸಕ್ಕರೆ ಕಾಯಿಲೆ ಇರಲಿಲ್ಲ ಮಾರಾಯ.

ಬಸ್ಸಿನ ವಿಷಯ ನಾನು ಬರೆಯುವುದಿಲ್ಲ.

ಸ್ಟ್ಯಾನಿಸ್ಲಾಸ್


ಕುಕ್ಕುಂದೂರು
9 ಸೆಪ್ಟೆಂಬರ್ 1978

ಪೊರ್ಬು,

ಸತ್ತೆ ಎಂದು ಬರೆದ ಕೈಯಲ್ಲೇ ಇದನ್ನೂ ಬರೆದಿದ್ದಿ. ಪಡುಬಿದ್ರಿಯ ಕಡಲಿಗೆ ತಿಮಿಂಗಿಲ ಬಂದಿದೆ ಎಂದು ಹೇಳಿ ಒಂದು ಬಸ್ಸು ಜನರನ್ನು ಇಳಿಸಿದವನು ನೀನು. ಅವರು ಕಡಲು ನೋಡಿ ಬರುವಷ್ಟರಲ್ಲಿ ಖಾಲಿ ಬಸ್ಸಲ್ಲಿ ಕಾಲು ಚಾಚಿ ಮಲಗಿದ್ದವನೂ ನೀನೇ.

ವಾರಿಜಾ ನಿನ್ನಿಂದ ಬರೆಸಿದ್ದು ಅಲ್ವಾ? ಅವಳು ಇಲ್ಲ ಎನ್ನುತ್ತಾಳೆ. ಇರಲಿ. ಮೂವತ್ತು ವರ್ಷ ಕುಂಡವನ್ನು ಹೊಗಳಿದವನು ನಾನು ಹೊರಟ ದಿನವೇ ಅದನ್ನು ಬತ್ತಿಸಿದ್ದು ಯಾಕೆ? ನನ್ನ ಕಾಲು ನೆಟ್ಟಗಾಗುವುದು ನಿನಗೆ ಬೇಡವಾ?

ಭೂಮಸೂದೆಯಲ್ಲಿ ಗುತ್ತಿನ ಗದ್ದೆ ಹಂಚಿಹೋಗಿ ಅಲ್ಲಿಯ ಕಂಬಳ ನಿಂತ ಮೇಲೆ, ಕೋಣಗಳನ್ನು ನನ್ನ ಹಟ್ಟಿಗೆ ತಂದು ಸಾಕಿದ್ದು ಓಡಿಸಲಿಕ್ಕೆ. ಊರುಗೋಲು ಹಿಡಿದು ದಡದಲ್ಲಿ ಕೂತು ನೋಡಲಿಕ್ಕೆ ಅಲ್ಲ. ವಾರಿಜಾಳನ್ನು ಪಂಜುರ್ಲಿ ದೈವದ ಎದುರು ನಿಲ್ಲಿಸಿ ಆಣೆ ಹಾಕಿಸಿದ್ದೇನೆ. ನನಗೆ ಸ್ಮೃತಿ ಇರಲಿ, ತಪ್ಪಲಿ, ಕಡಿಯಲು ಅವಳ ಬಾಯಿಂದ ಹೂಂ ಎಂಬ ಶಬ್ದ ಬರಬಾರದು. ಬಂದರೆ ಅವಳು ನನ್ನ ಮಗಳಲ್ಲ, ಅವಳ ಕೈಯ ನೀರು ನನಗೆ ಬೇಡ.

ನವರಾತ್ರಿಗೆ ಮೊದಲು ಹೊರಡುತ್ತೇವೆ. ದಾರಿ ಕೇಳಿಕೊಂಡು ಹೋಗಲು ನನಗೂ ಬಾಯಿ ಉಂಟು.

ಕೂಸಪ್ಪ


ಕಾಪು
16 ಸೆಪ್ಟೆಂಬರ್ 1978

ವಾರಿಜಾ,

ನಿನ್ನೆ ನಾನು ಬಂದು ಹೋದದ್ದರಿಂದ ಪ್ರಯೋಜನ ಆಗಲಿಲ್ಲ. ನೀನು ಬೆಲ್ಲ ನೀರು ತರಲು ಒಳಗೆ ಹೋದಾಗ ನಾನು ನಿನ್ನ ಅಪ್ಪನ ಎದುರು ನೆಲದಲ್ಲಿ ಕೂತೆ. ಆ ಕಾಲು ನೋಡಿದೆ. ಬೆರಳು ಎರಡಲ್ಲ, ಮೂರು ಕಪ್ಪಾಗಿವೆ. ನಾನು ಜನ್ಮದಲ್ಲಿ ಆಡದ ಸ್ವರದಲ್ಲಿ, ಕೂಸಪ್ಪ, ನಾನು ಬರೆದದ್ದು ನಿಜ ಎಂದೆ. ಅವನು ಕೆಮ್ಮು ಬರುವವರೆಗೆ ನಕ್ಕ. ಮತ್ತೆ ಹೇಳಿದ, "ಅದೇ ಮುಖ, ಪೊರ್ಬು. ತಿಮಿಂಗಿಲದ ದಿನವೂ ಇದೇ ಮುಖ ಮಾಡಿದ್ದೆ."

ಬರ್ತಾಳಲ್ಲಿ ಹೇಳಿದೆ. ಅವಳು ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತದೆ, ನಿಮ್ಮನ್ನು ನಂಬುವ ಅಭ್ಯಾಸ ಯಾರಿಗಾದರೂ ಉಂಟಾ ಮಾಮ ಎಂದು ಕೇಳಿದಳು. ಇದ್ದದ್ದು ನಿನ್ನ ಅಪ್ಪನಿಗೆ ಒಬ್ಬನಿಗೆ. ಅದೂ ಬೇಡದ ವಿಷಯದಲ್ಲಿ.

ನೀನು ಅವನನ್ನು ತಡೆಯಲಾರೆ ಎಂದು ಗೊತ್ತುಂಟು ಮಗಾ. ಗಂಡ ಮಲ್ಪೆಯ ಬೋಟಿನಲ್ಲಿ, ಮನೆಯಲ್ಲಿ ನೀನೊಬ್ಬಳು. ಹೋಗುವುದೇ ಆದರೆ ಒಂದು ಕೆಲಸ ಮಾಡು. ಅವನ ಕಾಲು ನೀರಿಗೆ ಇಳಿಯುವ ಮೊದಲು ನಿನ್ನ ಕೈ ಇಳಿಸಿ ನೋಡು. ಆ ಕಾಲಿಗೆ ಬಿಸಿ ಗೊತ್ತಾಗುವುದಿಲ್ಲ. ಬಾಯ್ಲರ್ ನೋಡಿಕೊಳ್ಳುವವನು ಒಂದು ಬೀಡಿ ಎಳೆಯಲು ಹೋದರೆ ಸಾಕು, ಆ ನೀರು ಅಕ್ಕಿ ಬೇಯಿಸುವಷ್ಟು ಆಗುತ್ತದೆ. ನಾನು ಎಷ್ಟು ಸಲ ಬೀಡಿಗೆ ಹೋಗಿದ್ದೇನೆ ಎಂದು ನೆನೆದರೆ ಈಗ ರಾತ್ರಿ ನಿದ್ದೆ ಬರುವುದಿಲ್ಲ.

ನಿನ್ನ ಮಾಮ,
ಸ್ಟ್ಯಾನಿಸ್ಲಾಸ್


ಘೋಡ್‌ಕುಂಡ
1 ಅಕ್ಟೋಬರ್ 1978

ಪೊರ್ಬು,

ಬಂದು ಮುಟ್ಟಿದೆವು. ನೀನು ಮೊದಲು ಹೇಳುತ್ತಿದ್ದ ಹಾಗೆಯೇ ಉಂಟು. ಗೋಡೆಯಲ್ಲಿ ಸರದಾರನ ಕುದುರೆ ಉಂಟು, ಬಾಲ ಸ್ವಲ್ಪ ಅಳಿಸಿದೆ. ಹಿಂದಿನ ಕೋಣೆಗೆ ಬೀಗ. ಕೇಳಿದೆ, ಟವೆಲು ಇಡುವ ಕೋಣೆಯಂತೆ.

ಗಂಡಸರ ಕಡೆಗೆ ವಾರಿಜಾಳನ್ನು ಬಿಡುವುದಿಲ್ಲ. ಜಗಳ ಮಾಡಿದಳು, ಈಗ ಹೊರಗೆ ಮೆಟ್ಟಿಲಲ್ಲಿ ಕೂರುತ್ತಾಳೆ. ನೀರು ಬಿಸಿ ಉಂಟಂತೆ. ಪಕ್ಕದಲ್ಲಿ ಕೂತ ಸೇಠ್ ಕಾಲು ಅದ್ದಿ ಅದ್ದಿ ತೆಗೆಯುತ್ತಾನೆ, ಉಸ್ ಉಸ್ ಎನ್ನುತ್ತಾನೆ. ನನಗೆ ಎಂತದೂ ಆಗಲಿಲ್ಲ. ಎಲ್ಲರೂ ಎದ್ದು ಹೋದ ಮೇಲೂ ಇಟ್ಟುಕೊಂಡೇ ಕೂತಿದ್ದೆ. ನೀರಿಗೂ ನನ್ನ ಕಾಲಿಗೂ ಹೊಂದಿದೆ.

ಈ ವರ್ಷದ ಕಂಬಳಕ್ಕೆ ಕೋಣ ಇಳಿಸುವವನು ನಾನೇ. ನೀನು ಬರಬೇಕು. ಸಿಟ್ಟು ಬಿಟ್ಟಿದ್ದೇನೆ.

ಕೂಸಪ್ಪ


ಕಾಪು
6 ಅಕ್ಟೋಬರ್ 1978

ಕೂಸಪ್ಪ,

ಕಾಲು ಹೊರಗೆ ತೆಗೆ. ತಾರು ಕೊಟ್ಟಿದ್ದೇನೆ, ಸಿಕ್ಕಿರಬೇಕು. ತಾರು ಬರೆದು ಕೊಟ್ಟಾಗ ಪೋಸ್ಟಾಫೀಸಿನ ಚಂದು ಮಾಸ್ಟರು ಕನ್ನಡಕದ ಮೇಲಿಂದ ನೋಡಿ, ಈ ಸಲ ಯಾರನ್ನು ಕೊಂದಿರಿ ಎಂದು ಕೇಳಿದರು. ನಾನು ಅಲ್ಲಿಯೇ ಅತ್ತುಬಿಟ್ಟೆ. ಅವರು ಅದಕ್ಕೂ ನಕ್ಕರು.

ಟವೆಲು ಇಡುವ ಕೋಣೆ ಎಂದು ಹೇಳಬೇಕು ಎಂದು ಕಲಿಸಿದವನು ನಾನೇ. ನನ್ನ ನಂತರ ಬಂದವನಿಗೆ ಕಲಿಸಿ, ಬೀಗದ ಕೈ ಕೊಟ್ಟು ಬಂದೆ. ಬೀಗ ನೋಡಬೇಡ, ಹಿಂದೆ ಹೋಗಿ ಮಾಡಿನ ಹಂಚಿನ ಮೇಲೆ ನೋಡು, ಹೊಗೆ ಹೋಗುವ ಕೊಳವೆ ಕಾಣುತ್ತದೆ. ಟವೆಲಿಗೆ ಹೊಗೆ ಯಾಕೆ?

ಸೇಠ್ ಉಸ್ ಎಂದದ್ದು ಅವನ ಕಾಲು ಬದುಕಿರುವುದಕ್ಕೆ. ನಿನಗೆ ಎಂತದೂ ಆಗದ್ದು ಹೊಂದಿಕೆ ಅಲ್ಲ. ಇವತ್ತೇ ಹೊರಡು. ಮನೆಗೆ ಬೇಡ, ಸೀದಾ ಮಣಿಪಾಲಕ್ಕೆ. ಆಮೇಲೆ ನನ್ನ ಮುಖ ನೋಡದಿದ್ದರೂ ಅಡ್ಡಿ ಇಲ್ಲ. ತಮಾಷೆ ಎಂದು ತಿಳಿದರೂ ಆಗಬಹುದು, ತಮಾಷೆಗಾದರೂ ಕಾಲು ತೆಗೆ.

ಸ್ಟ್ಯಾನಿ


ಕುಕ್ಕುಂದೂರು
2 ಡಿಸೆಂಬರ್ 1978

ಮಾಮನಿಗೆ ವಾರಿಜಾಳ ನಮಸ್ಕಾರ.

ನಿಮ್ಮ ತಾರು ಬಂದದ್ದು ನಾವು ಹೊರಡುವ ಗಡಿಬಿಡಿಯಲ್ಲಿ. ಅಷ್ಟರಲ್ಲಿ ಪಾದದ ಚರ್ಮ ಕಾಲುಚೀಲದ ಹಾಗೆ ಬಿಟ್ಟುಬಂದಿತ್ತು. ರೈಲಿನಲ್ಲೇ ಜ್ವರ ಏರಿತು. ಬಸ್ಸಿಗೆ ಹತ್ತಿಸುವಾಗ ಅಪ್ಪನಿಗೆ ಮಾತು ಇರಲಿಲ್ಲ. ಮಣಿಪಾಲಕ್ಕೆ ಮುಟ್ಟಿ ಕಾಪುವಿನ ಬಸ್ಸಿನವರಲ್ಲಿ ಹೇಳಿ ಕಳಿಸಿದೆ, ನೀವು ಬಂದಿರಿ. ಅಲ್ಲಿ ಆದದ್ದು ನಿಮಗೆ ಗೊತ್ತುಂಟು.

ಅಪ್ಪನನ್ನು ಮನೆಗೆ ತಂದೆವು. ಮೊಣಕಾಲಿನಿಂದ ಕೆಳಗೆ ಇಲ್ಲ. ಎಚ್ಚರವಾದ ದಿನ ಹೊದಿಕೆಯ ಮೇಲೆ ಕೈ ಆಡಿಸಿ ನೋಡಿದರು. ಮತ್ತೆ ನನ್ನನ್ನು ನೋಡಿದರು. ನನ್ನ ಹತ್ತಿರ ಆಡಿದ ಮೊದಲ ಮಾತು, "ಆಣೆ ತಪ್ಪಿದೆಯಾ?"

ನಾನು ಬಾಯಿ ತೆರೆಯಲಿಲ್ಲ ಎಂದೆ. ಮತ್ತೆ ಯಾರು ಎಂದು ಕೇಳಿದರು. ನಾನು ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೆ ನಾನೇ ಎಂದು ಗಟ್ಟಿ ಮಾಡಿಕೊಂಡಿದ್ದಾರೆ. ಅಂದಿನಿಂದ ನನ್ನ ಹತ್ತಿರ ಮಾತಿಲ್ಲ, ನನ್ನ ಕೈಯ ನೀರು ಮುಟ್ಟುವುದಿಲ್ಲ. ಪಕ್ಕದ ಮನೆಯ ಸರಸಕ್ಕ ತಂದರೆ ಎರಡು ತುತ್ತು ತಿನ್ನುತ್ತಿದ್ದರು, ಮೊನ್ನೆಯಿಂದ ಅದೂ ಇಲ್ಲ. ಗಾಯ ಮಾಗಬೇಕಾದರೆ ಹೊಟ್ಟೆಗೆ ಬೀಳಬೇಕು, ಹೀಗೆ ಬಿಟ್ಟರೆ ಉಳಿಯುವುದಿಲ್ಲ ಎಂದು ನರ್ಸಮ್ಮ ಹೇಳಿ ಹೋದರು. ನಾನು ಮನೆ ಬಿಟ್ಟು ಮಲ್ಪೆಗೆ ಹೋಗಬೇಕು ಎಂದು ಸರಸಕ್ಕನ ಹತ್ತಿರ ಹೇಳಿ ಕಳಿಸಿದ್ದಾರೆ. ನಾನು ಹಟ್ಟಿಯಲ್ಲಿ ಮಲಗುತ್ತೇನೆ, ಕೋಣಗಳ ಹತ್ತಿರ.

ಆದರೆ ಪೋಸ್ಟಿನ ಭೋಜ ಬರುವ ಹೊತ್ತಿಗೆ ತಲೆ ಎತ್ತುತ್ತಾರೆ. ಪೊರ್ಬುವಿನ ಕಾಗದ ಬಂತಾ ಎಂದು ದಿನಾ ಕೇಳುತ್ತಾರೆ. ಅವರು ಕೇಳುವುದು ಅದೊಂದನ್ನೇ. ಅದೂ ಹೋದರೆ ಅವರಿಗೆ ಯಾರಿದ್ದಾರೆ? ಅದಕ್ಕೇ ನಾನು ಹೇಳದೆ ಇದ್ದದ್ದು.

ನೀವು ಒಂದು ತಮಾಷೆಯ ಕಾಗದ ಬರೆಯಿರಿ ಮಾಮ. ನಕ್ಕರೆ ಹಸಿವಾಗಬಹುದು.

ವಾರಿಜಾ


ಕಾಪು
5 ಡಿಸೆಂಬರ್ 1978

ಕೂಸಪ್ಪ,

ತಮಾಷೆಯ ಕಾಗದ ಬರೆಯಲು ಕೂತೆ. ನವಾಬನ ಕುದುರೆಯಿಂದ ಶುರು ಮಾಡಿ ಹರಿದೆ. ಬರ್ತಾ ಕಸ ಗುಡಿಸಿ ಒಲೆಗೆ ಹಾಕಿದಳು.

ಮಣಿಪಾಲದಲ್ಲಿ ಆದದ್ದನ್ನು ಬರೆಯುತ್ತೇನೆ. ನೀನು ಮಲಗಿದ್ದ ಕೋಣೆಯ ಹೊರಗೆ ಒಂದು ಬೆಂಚು ಉಂಟು. ಅದರ ತುದಿಯಲ್ಲಿ ವಾರಿಜಾ ಸೆರಗಿನ ಚುಂಗು ಬಾಯಿಗೆ ತುರುಕಿಕೊಂಡು ಕೂತಿದ್ದಳು. ನಾನು ಮುಟ್ಟುವ ಮೊದಲೇ ಡಾಕ್ಟರರು ಎರಡು ಸಲ ಕೇಳಿ ಹೋಗಿದ್ದರಂತೆ. ಮೂರನೆಯ ಸಲ ನನ್ನ ಎದುರೇ ಕೇಳಿದರು. ನಂಜು ಮೇಲೆ ಏರುತ್ತಾ ಉಂಟು, ಸಂಜೆಯವರೆಗೆ ಕಾದರೆ ಕಾಲಲ್ಲ, ಮನುಷ್ಯನೇ ಉಳಿಯುವುದಿಲ್ಲ, ಮನೆಯವರು ಒಪ್ಪಬೇಕು ಎಂದರು. ಅವಳು ತಲೆ ಆಡಿಸಿದಳು. ಬೇಡ ಎಂದು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ತಲೆ ಬೇಡ ಬೇಡ ಎಂದು ಆಡುತ್ತಿತ್ತು. ಯಾವ ಮಗಳಿಗೂ ಅಂಥ ಆಣೆ ಹಾಕಬಾರದು ಕೂಸಪ್ಪ.

ಬೇರೆ ಯಾರಾದರೂ ಇದ್ದಾರಾ ಎಂದು ಡಾಕ್ಟರರು ಕೇಳಿದರು.

ನಾನು ಎದ್ದು ನಿಂತೆ. "ನಾನು ಇದ್ದೇನೆ, ಅವನ ಅಣ್ಣ."

ಚಿಕ್ಕ ಪ್ರಾಯದ ಡಾಕ್ಟರು. ನನ್ನ ಕೊರಳ ಶಿಲುಬೆ ನೋಡಿದರು, ಒಳಗೆ ಮಲಗಿದ ನಿನ್ನ ರಟ್ಟೆಯ ತಾಯಿತ ನೋಡಿದರು.

"ಸ್ವಂತ ಅಣ್ಣನಾ?"

"ಸ್ವಂತ," ಎಂದೆ.

ವಾರಿಜಾ ಹಾರಿ ಬಂದು ನನ್ನ ಬಾಯಿ ಮುಚ್ಚಿದಳು. ನಿನಗೆ ಅದು ಗೊತ್ತಾಗಬೇಕು. ಮಾಮ ಬೇಡ, ಅಪ್ಪ ಬೇಡ ಎಂದಿದ್ದಾರೆ ಎಂದು ನನ್ನ ಅಂಗಿ ಹಿಡಿದು ಎಳೆದಳು. ನಾನು ಅವಳ ಕೈ ತೆಗೆದು, ಎರಡೂ ಕೈಯನ್ನು ಗಟ್ಟಿ ಹಿಡಿದುಕೊಂಡೇ ಡಾಕ್ಟರರಿಗೆ ಉತ್ತರ ಕೊಟ್ಟೆ. ನಿನ್ನನ್ನು ಒಳಗೆ ತೆಗೆದುಕೊಂಡು ಹೋದ ಮೇಲೆ ಬಿಟ್ಟೆ. ಅವಳು ನೆಲದಲ್ಲಿ ಕೂತಳು. ನಾನೂ ಕೂತೆ.

ನೀನು ಕಣ್ಣು ಬಿಡುವ ಮೊದಲು ನಾನು ಬಸ್ಸು ಹತ್ತಿ ಬಂದೆ. ನಿನ್ನ ಕಣ್ಣು ನನ್ನನ್ನು ನೋಡುವುದು ನನಗೆ ಬೇಡವಾಗಿತ್ತು. ಇಷ್ಟು ದಿನ ಅವಳು ನನ್ನ ಜಾಗದಲ್ಲಿ ನಿಂತು ತಿನ್ನುತ್ತಿರುವ ಪೆಟ್ಟು ನನಗೆ ಗೊತ್ತಿರಲಿಲ್ಲ. ಅವಳ ಮೊನ್ನೆಯ ಕಾಗದದಲ್ಲಿ ಗೊತ್ತಾಯಿತು.

ನನ್ನನ್ನು ಇನ್ನು ಅಂಗಳಕ್ಕೆ ಬಿಡಬೇಡ. ಕಾಗದ ಬಂದರೆ ಪೋಸ್ಟಿನ ಭೋಜನ ಕೈಯಲ್ಲೇ ಹಿಂದೆ ಕಳಿಸು. ಅವಳು ಆಣೆ ತಪ್ಪಲಿಲ್ಲ. ಹಟ್ಟಿಯಿಂದ ಅವಳನ್ನು ಒಳಗೆ ಕರೆ, ನೀರು ತರಲು ಹೇಳು, ಕುಡಿ. ಕುಡಿದ ಮೇಲೆ ಇದನ್ನು ಇನ್ನೊಮ್ಮೆ ಓದು. ನಂಬಲು ಆಗದಿದ್ದರೆ ಮತ್ತೂ ಒಮ್ಮೆ ಓದು.

ಕಡಿಯಿರಿ ಎಂದು ಹೇಳಿದವನು ನಾನು.

ಸ್ಟ್ಯಾನಿಸ್ಲಾಸ್